ಶ್ರೀ ರಾಮಕೃಷ್ಣ ಹೆಗಡೆ ಮತ್ತು ಕರ್ನಾಟಕ ಲೋಕಾಯುಕ್ತ ಸಂಸ್ಥೆ

ಸಂಸೆ, ಕಳಸ, ಕುದುರೆಮುಖ ಭಾಗದ ಸಾರ್ವಜನಿಕರು ಠಾಣೆಯಲ್ಲಿ ತಮ್ಮ ದೂರನ್ನು ಸ್ವೀಕರಿಸದಿದ್ದಲ್ಲಿ ಅಥವಾ ಪಾಸ್‌ಪೋರ್ಟ್ ಪರಿಶೀಲನೆಗೆ ಹಣ ಕೇಳಿದಲ್ಲಿ, ಪೊಲೀಸ್ ಇಲಾಖೆಯ ಮೇಲಧಿಕಾರಿಗಳಿಗಲ್ಲದೆ ಇಲಾಖೆಯ ಹೊರಗಿನ ಸಂಸ್ಥೆಗೂ ದೂರು ಸಲ್ಲಿಸಬಹುದಾಗಿದೆ. ಅಂತಹ ಸಂಸ್ಥೆಗಳಲ್ಲಿ ಮುಖ್ಯವಾದ ಲೋಕಾಯುಕ್ತವು ಶ್ರೀ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿದ್ದ ಅವಧಿಯಲ್ಲಿ ಸ್ಥಾಪನೆಯಾಯಿತು.

ಹೆಗಡೆಯವರು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ 29-08-1926ರಂದು ಜನಿಸಿದರು. ಕಾಶಿ ವಿದ್ಯಾಪೀಠದಲ್ಲಿ ವ್ಯಾಸಂಗ ಮಾಡಿ, ನಂತರ ಕಾನೂನು ಪದವಿ ಪಡೆದರು. 1942ರ ಚಳವಳಿಯಲ್ಲಿ ಪಾಲ್ಗೊಂಡು ಬಂಧನಕ್ಕೊಳಗಾದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಮತ್ತೊಮ್ಮೆ ಸೆರೆವಾಸ ಅನುಭವಿಸಿದರು. 1957ರಲ್ಲಿ ವಿಧಾನಸಭೆಗೆ ಆಯ್ಕೆಯಾದರು. ಹಣಕಾಸು ಖಾತೆಯನ್ನೂ ನಿರ್ವಹಿಸಿದ ಅವರು ಒಟ್ಟು 13 ಆಯವ್ಯಯಗಳನ್ನು ಮಂಡಿಸಿದರು. ಲೆಕ್ಕಪತ್ರದ ಶಿಸ್ತು ಬಲ್ಲವರಿಗೆ ಇದರ ಶ್ರಮ ಅರಿವಾಗದಿರದು. 10-01-1983ರಂದು ರಾಜ್ಯದ ಪ್ರಥಮ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಗಳಾಗಿ ಅಧಿಕಾರ ವಹಿಸಿಕೊಂಡರು.

ಆಡಳಿತ ಸುಧಾರಣಾ ಆಯೋಗವು 1966ರಲ್ಲಿಯೇ ರಾಜ್ಯಗಳಲ್ಲಿ ಲೋಕಾಯುಕ್ತರಿರಬೇಕೆಂದು ಶಿಫಾರಸು ಮಾಡಿತ್ತು. ಮಹಾರಾಷ್ಟ್ರ 1971ರಲ್ಲಿ ಕಾನೂನು ರಚಿಸಿತು. ಕರ್ನಾಟಕದಲ್ಲಿ ಅದುವರೆಗೆ ಇದ್ದ ಜಾಗೃತ ಆಯೋಗದ ಬದಲಿಗೆ ಹೆಗಡೆಯವರ ಸರ್ಕಾರವು ಕರ್ನಾಟಕ ಲೋಕಾಯುಕ್ತ ಅಧಿನಿಯಮ, 1984ನ್ನು ತಂದಿತು. ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಎ.ಡಿ. ಕೋಶಲ್ ಅವರು 1986ರ ಜನವರಿಯಲ್ಲಿ ಪ್ರಥಮ ಲೋಕಾಯುಕ್ತರಾದರು. ಠಾಣೆಯ ಪೇದೆಯಿಂದ ಮುಖ್ಯಮಂತ್ರಿಯವರೆಗೆ ಎಲ್ಲರೂ ಸದರಿ ಅಧಿನಿಯಮದ ವ್ಯಾಪ್ತಿಗೆ ಒಳಪಟ್ಟರು. ಅಧಿಕಾರದಲ್ಲಿರುವವರು ತಮ್ಮನ್ನೂ ಸೇರಿಸಿಕೊಂಡು ಇಂತಹ ಕಾನೂನು ಮಾಡುವುದು ಅಪರೂಪ.

ಆದರೆ ಲೋಕಾಯುಕ್ತರ ವರದಿ ಶಿಫಾರಸಿನ ಸ್ವರೂಪದ್ದು. ಕ್ರಮ ಜರುಗಿಸಬೇಕಾದವರು ಸಕ್ಷಮ ಪ್ರಾಧಿಕಾರದವರು. ಅಲ್ಲದೆ, ಸಂಸ್ಥೆಯ ಪೊಲೀಸ್ ವಿಭಾಗದ ಅಧಿಕಾರಿಗಳು ಪೊಲೀಸ್ ಇಲಾಖೆಯಿಂದಲೇ ನಿಯೋಜನೆಯ ಮೇಲೆ ಬರುವವರು. ಅವಧಿ ಮುಗಿದ ನಂತರ ಮಾತೃ ಇಲಾಖೆಗೆ ಹಿಂದಿರುಗುವವರು. ಪೊಲೀಸರ ವಿರುದ್ಧದ ದೂರುಗಳ ಮಟ್ಟಿಗೆ ಈ ತೊಡಕು ಪೂರ್ಣವಾಗಿ ನಿವಾರಣೆಯಾಗಿಲ್ಲ.

ಹೆಗಡೆಯವರ ಅಧಿಕಾರಾವಧಿ ಮುಗಿದದ್ದೂ ಪೊಲೀಸರಿಗೆ ಸಂಬಂಧಿಸಿದ ವಿಷಯದಿಂದಲೇ. ರಾಜಕೀಯ ಮುಖಂಡರು ಮೊದಲಾದವರ ದೂರವಾಣಿಗಳನ್ನು ರಾಜ್ಯ ಪೊಲೀಸರು ಕದ್ದಾಲಿಸಿದ್ದಾರೆಂಬ ಸಂಗತಿ 1988ರಲ್ಲಿ ಬಹಿರಂಗವಾಯಿತು. ಸ್ವಪಕ್ಷದವರೂ ಅದರಲ್ಲಿದ್ದರು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಹೆಗಡೆಯವರು ರಾಜೀನಾಮೆ ನೀಡಿದರು. ಆಡಳಿತದ ಮೇಲೆ ನಿಗಾ ಇಡುವ ಸಂಸ್ಥೆಯನ್ನು ಕಟ್ಟಿದವರ ಕಾಲದಲ್ಲಿಯೇ ಇದು ನಡೆದುದನ್ನು ಅವರ ಅಭಿಮಾನಿಗಳೂ ಮರೆಮಾಚಲಾರರು. ದೂರವಾಣಿ ಕದ್ದಾಲಿಕೆಯ ಆದೇಶಗಳನ್ನು ಪುನರ್‌ಪರಿಶೀಲನಾ ಸಮಿತಿಯ ಮುಂದಿಡಬೇಕೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು ವಿಧಿಸಿದ್ದು 1996ರಲ್ಲಿ, ಬೇರೊಂದು ಪ್ರಕರಣದಲ್ಲಿ.

ಮುಂದೆ ಹೆಗಡೆಯವರು ಯೋಜನಾ ಆಯೋಗದ ಉಪಾಧ್ಯಕ್ಷರಾಗಿ, 1998ರಿಂದ 1999ರವರೆಗೆ ಕೇಂದ್ರ ವಾಣಿಜ್ಯ ಸಚಿವರಾಗಿ ಕಾರ್ಯನಿರ್ವಹಿಸಿ, 12-01-2004ರಂದು ಬೆಂಗಳೂರಿನಲ್ಲಿ ನಿಧನರಾದರು.

ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ನೀಡಿದ ನಿರ್ದೇಶನದಂತೆ, ಕರ್ನಾಟಕ ಪೊಲೀಸ್ ಅಧಿನಿಯಮಕ್ಕೆ 2012ರಲ್ಲಿ ತಿದ್ದುಪಡಿ ತಂದು, ರಾಜ್ಯ ಹಾಗೂ ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳಿಗೆ ಅವಕಾಶ ಕಲ್ಪಿಸಲಾಯಿತು. 2016ರಲ್ಲಿ ಭ್ರಷ್ಟಾಚಾರ ಪ್ರಕರಣಗಳ ತನಿಖೆಯನ್ನು ಲೋಕಾಯುಕ್ತ ಪೊಲೀಸರಿಂದ ಭ್ರಷ್ಟಾಚಾರ ನಿಗ್ರಹ ದಳಕ್ಕೆ ವಹಿಸಲಾಗಿತ್ತು. ಉಚ್ಚ ನ್ಯಾಯಾಲಯವು 11-08-2022ರಂದು ಸದರಿ ದಳವನ್ನು ರದ್ದುಪಡಿಸಿದ ನಂತರ ಆ ಅಧಿಕಾರವು ಲೋಕಾಯುಕ್ತಕ್ಕೆ ಮರಳಿತು.

ಲೋಕಾಯುಕ್ತರಿಗೆ ದೂರು ಸಲ್ಲಿಸುವವರು ನಮೂನೆ 1ರಲ್ಲಿ ದೂರನ್ನೂ ನಮೂನೆ 2ರಲ್ಲಿ ಪ್ರಮಾಣಪತ್ರವನ್ನೂ ಲಭ್ಯವಿರುವ ದಾಖಲೆಗಳೊಂದಿಗೆ ಸಲ್ಲಿಸತಕ್ಕದ್ದು. ಕುಂದುಕೊರತೆಯಾದಲ್ಲಿ ವಿಷಯ ತಿಳಿದುಬಂದ ಆರು ತಿಂಗಳೊಳಗೆ, ಆಪಾದನೆಯಾದಲ್ಲಿ ಘಟನೆ ನಡೆದ ಐದು ವರ್ಷಗಳೊಳಗೆ ಸಲ್ಲಿಸುವುದು ಅವಶ್ಯ.