ಓಲ್ ಚಿಕಿ ಲಿಪಿ ಕಟ್ಟಿದ ಹಳ್ಳಿ ಮೇಷ್ಟ್ರು: ಪಂಡಿತ ರಘುನಾಥ ಮುರ್ಮು

2022ರಲ್ಲಿ ದ್ರೌಪದಿ ಮುರ್ಮು ಅವರು ರಾಷ್ಟ್ರಪತಿಯಾದಾಗ ಟಿವಿಯವರೆಲ್ಲ ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ರಾಯರಂಗಪುರಕ್ಕೆ ಓಡಿದ್ದು ನಿಮಗೆ ನೆನಪಿರಬಹುದು. ಅದೇ ಸೀಮೆಯಲ್ಲಿ ದಂಡಬೋಸ್ ಅಂತ ಒಂದು ಹಳ್ಳಿ ಇದೆ. ಸಂತಾಲಿ ಮಾತಾಡುವ ಮನೆಗಳಲ್ಲಿ ಈ ಹಳ್ಳಿಯ ಹೆಸರು ಅದಕ್ಕೂ ಎಷ್ಟೋ ಮೊದಲಿನಿಂದ ಗೊತ್ತು. 1905ರ ಮೇ 5ರಂದು ಅಲ್ಲಿ ಹುಟ್ಟಿದ ರಘುನಾಥ ಮುರ್ಮು ಅವರೇ ಅದಕ್ಕೆ ಕಾರಣ. ಅವರ ಜನ ಅವರನ್ನು ಗುರು ಗೋಮ್ಕೆ ಅಂತ ಕರೀತಾರೆ, ಅಂದರೆ ದೊಡ್ಡ ಗುರು. ಅಂದಹಾಗೆ ಮುರ್ಮು ಅಂತ ಇದ್ದವರೆಲ್ಲ ನೆಂಟರಲ್ಲ. ನಮ್ಮಲ್ಲಿ ಬಳಿ, ಬೆಡಗು ಅಂತೀವಲ್ಲ, ಸಂತಾಲರಲ್ಲಿ ಅದು ಅಂಥದ್ದೊಂದು ಹೆಸರು.

ಆಗ ಮಯೂರ್‌ಭಂಜ್ ಒಂದು ಸಂಸ್ಥಾನ. ಹುಡುಗ ಏಳು ವರ್ಷಕ್ಕೆ ಶಾಲೆಗೆ ಹೋದ. ಮನೆಯಲ್ಲಿ ಸಂತಾಲಿ, ಶಾಲೆಯಲ್ಲಿ ಒಡಿಯಾ. ಇವೆರಡು ಕನ್ನಡ-ತೆಲುಗಿನ ಥರ ಅಕ್ಕತಂಗಿಯರಲ್ಲ. ಒಡಿಯಾ ಬಂಗಾಳಿ, ಹಿಂದಿಗಳ ಕುಟುಂಬದ್ದು, ಸಂತಾಲಿ ಮುಂಡಾ ಭಾಷೆಗಳ ಕುಟುಂಬದ್ದು. ಹೀಗಾಗಿ ಮೇಷ್ಟ್ರು ಏನು ಹೇಳಿದರು ಅಂತ ಅರ್ಥ ಆಗೋ ಹೊತ್ತಿಗೇ ಮಗುವಿನ ಒಂದೆರಡು ವರ್ಷ ಕಳೆದುಹೋಗುತ್ತೆ. ಎಷ್ಟೋ ಮಕ್ಕಳು ಅಷ್ಟರಲ್ಲಿ ದನ ಕಾಯೋಕೆ ವಾಪಸ್ ಹೋಗಿರ್ತಾರೆ, ದಡ್ಡ ಅನ್ನೋ ಹೆಸರು ಬೇರೆ. ರಘುನಾಥ ಹಾಗೆ ಬಿಡಲಿಲ್ಲ. ಬಾರಿಪದಾದ ಹೈಸ್ಕೂಲು ಸೇರಿ 1924ರಲ್ಲಿ ಮೆಟ್ರಿಕ್ ಪಾಸು ಮಾಡಿದರು. ಆದರೆ ನಮ್ಮ ಮಾತಲ್ಲಿ ಯಾಕೆ ಪಾಠ ಇಲ್ಲ ಅನ್ನೋ ಪ್ರಶ್ನೆ ಅವರನ್ನು ಬಿಡಲಿಲ್ಲ.

ಸಂತಾಲಿಯನ್ನು ಯಾರೂ ಬರೆದೇ ಇರಲಿಲ್ಲ ಅಂತಲ್ಲ. ಮಿಷನರಿಗಳು ರೋಮನ್ ಅಕ್ಷರದಲ್ಲಿ ಬರೆದಿದ್ದರು. ನಾರ್ವೆಯ ಪಾಲ್ ಓಲಾಫ್ ಬೋಡಿಂಗ್ ಐದು ಸಂಪುಟಗಳ ಸಂತಾಲಿ ನಿಘಂಟನ್ನೇ ಮಾಡಿದರು. ಇತ್ತ ಬಂಗಾಳದಲ್ಲಿ ಬಂಗಾಳಿ ಲಿಪಿ, ಒಡಿಶಾದಲ್ಲಿ ಒಡಿಯಾ, ಬಿಹಾರದ ಕಡೆ ದೇವನಾಗರಿ. ತೊಂದರೆ ಇದ್ದದ್ದು ಇಲ್ಲೇ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಂಕಣಿ ನಮ್ಮಲ್ಲಿ ಕನ್ನಡ ಅಕ್ಷರದಲ್ಲಿ, ಗೋವಾದಲ್ಲಿ ದೇವನಾಗರಿ ಮತ್ತು ರೋಮನ್‌ನಲ್ಲಿ ಇದೆ. ಮಾತಾಡಿದರೆ ಅರ್ಥ ಆಗುತ್ತೆ, ಕಾಗದ ಬರೆದರೆ ಓದಲು ಬರೋದಿಲ್ಲ.

ಸಂತಾಲರಿಗೆ ಇದು ಇನ್ನೂ ಕಷ್ಟದ ವಿಷಯ, ಯಾಕಂದರೆ ಅವರು ಒಂದೇ ಕಡೆ ನೆಲೆ ನಿಂತ ಜನ ಅಲ್ಲ. ಸಾಲಗಾರರು ಮತ್ತು ಜಮೀನ್ದಾರರ ಕಾಟಕ್ಕೆ 1855ರಲ್ಲಿ ಸಿದೋ, ಕಾನ್ಹೂ ಮುಂದಾಳ್ತನದಲ್ಲಿ ದಂಗೆ ಎದ್ದರು, ಕಂಪನಿ ಸೈನ್ಯ ಅದನ್ನು ತುಳಿದುಹಾಕಿತು. ಆಮೇಲೆ ಅಸ್ಸಾಂನ ಚಹಾ ತೋಟ, ಕಲ್ಲಿದ್ದಲ ಗಣಿ, ಜಮ್‌ಶೆಡ್‌ಪುರದ ಕಾರ್ಖಾನೆ ಅಂತ ಕೂಲಿ ಹುಡುಕಿಕೊಂಡು ಚೆದುರಿದರು. ಅಣ್ಣ ಒಡಿಶಾದಲ್ಲಿ, ತಮ್ಮ ಅಸ್ಸಾಂನಲ್ಲಿ ಇದ್ದರೆ ಅವರ ಮಕ್ಕಳು ಕಲಿಯೋ ಅಕ್ಷರವೇ ಬೇರೆ ಬೇರೆ. ಒಂದು ಪುಸ್ತಕ ಅಚ್ಚು ಹಾಕಿಸಿದರೆ ಎಲ್ಲರಿಗೂ ತಲುಪೋ ದಾರಿಯೇ ಇರಲಿಲ್ಲ.

ಮೆಟ್ರಿಕ್ ಆದ ಮರು ವರ್ಷ, 1925ರಲ್ಲಿ, ಇಪ್ಪತ್ತು ವರ್ಷದ ರಘುನಾಥ ಒಂದು ಹೊಸ ಲಿಪಿಯನ್ನೇ ಕಟ್ಟಿದರು. ಅದರ ಹೆಸರು ಓಲ್ ಚಿಕಿ. ಮೂವತ್ತು ಅಕ್ಷರ. ಕಾಗುಣಿತ ಇಲ್ಲ, ಒತ್ತಕ್ಷರ ಇಲ್ಲ. ಸ್ವರವನ್ನೂ ವ್ಯಂಜನದ ಹಾಗೆ ಪಕ್ಕದಲ್ಲೇ ಪೂರ್ತಿ ಅಕ್ಷರವಾಗಿ ಬರೆದರೆ ಆಯಿತು. ಸಂತಾಲಿಯಲ್ಲಿ ಪದದ ಕೊನೆಗೆ ಉಸಿರನ್ನು ಗಂಟಲಲ್ಲೇ ಹಿಡಿದು ನಿಲ್ಲಿಸುವ ಧ್ವನಿಗಳಿವೆ. ಒಡಿಯಾ, ಬಂಗಾಳಿ ಲಿಪಿಗಳಲ್ಲಿ ಅದಕ್ಕೆ ಸರಿಯಾದ ಗುರುತು ಇಲ್ಲ. ಇಲ್ಲಿ ಅದಕ್ಕೂ ಜಾಗ ಇದೆ. ಇನ್ನು ಅಕ್ಷರಗಳ ಆಕಾರಕ್ಕೆ ಹಳ್ಳಿಯ ಸಾಮಾನುಗಳೇ ಆಧಾರ. ಒಂದು ನೇಗಿಲು, ಇನ್ನೊಂದು ಕುಡುಗೋಲು, ಮತ್ತೊಂದು ಅಣಬೆ. ಹೊಲದಲ್ಲಿ ಬೆಳೆದ ಮಗುವಿಗೆ ಅಕ್ಷರ ನೋಡಿದರೆ ಗುರುತು ಸಿಗಬೇಕು ಅನ್ನೋ ಲೆಕ್ಕ. ನನಗೆ ಇದರಲ್ಲಿ ಮೇಷ್ಟ್ರ ಬುದ್ಧಿಯೇ ಹೆಚ್ಚು ಕಾಣುತ್ತೆ, ಪಂಡಿತರ ಬುದ್ಧಿಗಿಂತ.

ಅವರು ಮೇಷ್ಟ್ರಾದದ್ದು ಆಮೇಲೆ. ಮೊದಲು ಬಾರಿಪದಾದಲ್ಲಿ ಕರೆಂಟ್ ಉತ್ಪಾದಿಸುವ ಪವರ್ ಹೌಸ್‌ನಲ್ಲಿ ಕೆಲಸ ಕಲಿತರು, ನಂತರ ಕಸುಬಿನ ತರಬೇತಿ ಪಡೆದರು. ಮುಂದೆ ಬಡಮ್‌ತೊಲಿಯಾ ಅನ್ನೋ ಊರಿನ ಶಾಲೆಗೆ ಮೇಷ್ಟ್ರಾಗಿ ಹೋದರು. ಅಲ್ಲಿ ಮಕ್ಕಳಿಗೆ ತಮ್ಮ ಅಕ್ಷರಗಳನ್ನು ಹೇಳಿಕೊಟ್ಟರು. ಕೈಯಲ್ಲಿ ಬರೆದು ಎಷ್ಟು ಹಂಚೋದು? ಕಸುಬು ಗೊತ್ತಿದ್ದ ಮನುಷ್ಯ, ಮರದಲ್ಲೇ ಒಂದು ಅಚ್ಚಿನ ಯಂತ್ರ ಮಾಡಿಕೊಂಡರು. 1930ರ ದಶಕದ ಕೊನೆಯಲ್ಲಿ ಬಾರಿಪದಾದಲ್ಲಿ ಸಂಸ್ಥಾನದ ವಸ್ತುಪ್ರದರ್ಶನ ನಡೆದಾಗ ಆ ಯಂತ್ರವನ್ನು ಹೊತ್ತುಕೊಂಡು ಹೋಗಿ ಮಹಾರಾಜ ಪ್ರತಾಪಚಂದ್ರ ಭಂಜದೇವ್ ಅವರ ಮುಂದೆ ಇಟ್ಟರು. ಹೊಸ ಲಿಪಿಯ ಸುದ್ದಿ ಊರೂರಿಗೆ ಹಬ್ಬಿದ್ದು ಅಲ್ಲಿಂದ.

ಲಿಪಿ ಹರಡಲು ಅವರು ಹಿಡಿದ ಇನ್ನೊಂದು ದಾರಿ ನಾಟಕ. ಓದು ಬಾರದವರೂ ನಾಟಕ ನೋಡ್ತಾರೆ, ಹಾಡು ಕಲೀತಾರೆ. ಅವರ ಬಿದು ಚಂದನ್ ನಾಟಕದಲ್ಲಿ ಬಿದು ಹುಡುಗ, ಚಂದನ್ ಹುಡುಗಿ. ಒಬ್ಬರಿಗೊಬ್ಬರು ಮನಸ್ಸಿನ ಮಾತು ತಿಳಿಸಲು ಅವರಿಬ್ಬರೇ ಅಕ್ಷರ ಕಂಡುಹಿಡಿಯುತ್ತಾರೆ. ಇಂದಿಗೂ ಸಂತಾಲರು ಬಿದು ಚಂದನ್ ಹೆಸರು ಹೇಳಿಯೇ ಅಕ್ಷರಾಭ್ಯಾಸ ಶುರು ಮಾಡೋದುಂಟು. ಇದರ ಜೊತೆಗೆ ಓಲ್ ಚೆಮೆದ್ ಅನ್ನೋ ಮೊದಲ ಪಾಠದ ಪುಸ್ತಕ, ಲೆಕ್ಕದ ಪುಸ್ತಕ, ವ್ಯಾಕರಣ ಎಲ್ಲವನ್ನೂ ತಾವೇ ಬರೆದರು. ಲಿಪಿ ಇದ್ದು ಓದೋಕೆ ಪುಸ್ತಕ ಇಲ್ಲದಿದ್ದರೆ ಏನು ಬಂತು ಅನ್ನೋದು ಅವರಿಗೆ ಗೊತ್ತಿತ್ತು.

1946ರಲ್ಲಿ ಹೆಡ್‌ಮಾಸ್ಟರ್ ಕೆಲಸ ಬಿಟ್ಟರು. ಸಂಬಳದ ಕೆಲಸ, ಅದೂ ಆ ಕಾಲದಲ್ಲಿ, ಬಿಡೋದು ಸಣ್ಣ ಮಾತಲ್ಲ. ಜಮ್‌ಶೆಡ್‌ಪುರದ ಹತ್ತಿರ ಕರಂಡೀಹ್‌ಗೆ ಬಂದು ಕಾರ್ಖಾನೆಯ ಕೆಲಸಗಾರರ ನಡುವೆ ಓಲ್ ಚಿಕಿ ಕಲಿಸಲು ಕೂತರು. ಅವು ಬಿಸಿ ದಿನಗಳು. ಸಂಸ್ಥಾನಗಳನ್ನು ಯಾವ ಪ್ರಾಂತ್ಯಕ್ಕೆ ಸೇರಿಸಬೇಕು ಅನ್ನೋ ಜಗಳದಲ್ಲಿ 1948ರ ಜನವರಿ 1ರಂದು ಖರ್ಸಾವಾನ್‌ನಲ್ಲಿ ಆದಿವಾಸಿಗಳ ಸಭೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮರು ವರ್ಷ ಮಯೂರ್‌ಭಂಜ್ ಒಡಿಶಾಕ್ಕೆ ಸೇರಿತು. ಒಡಿಯಾದವರಿಗೆ ಒಂದು ರಾಜ್ಯ, ಬಂಗಾಳಿಯವರಿಗೆ ಒಂದು. ಸಂತಾಲರು ಮಾತ್ರ ಒಡಿಶಾ, ಬಂಗಾಳ, ಬಿಹಾರ, ಅಸ್ಸಾಂ ಹೀಗೆ ಹಂಚಿಹೋಗಿ ಎಲ್ಲ ಕಡೆ ಅಲ್ಪಸಂಖ್ಯಾತರಾದರು.

1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲೇ ಪಾಠ ಹೇಳಲು ರಾಜ್ಯಗಳು ಅನುಕೂಲ ಮಾಡಬೇಕು ಅನ್ನುತ್ತೆ ಅದು. ಕಾಸರಗೋಡಿನ, ಸೊಲ್ಲಾಪುರದ ಕನ್ನಡ ಮಕ್ಕಳಿಗೂ, ಬೆಳಗಾವಿಯ ಮರಾಠಿ ಮಕ್ಕಳಿಗೂ ಅನ್ವಯಿಸೋದು ಅದೇ ವಿಧಿ. ಆದರೆ ಸಂತಾಲಿಗೆ ಅದು ಬಹಳ ಕಾಲ ಕಾಗದದಲ್ಲೇ ಉಳಿಯಿತು. ಕಾಯದೆ ಬಂದರೂ ಮೇಷ್ಟ್ರು ಬೇಕಲ್ಲ, ಪುಸ್ತಕ ಬೇಕಲ್ಲ. ಆ ಕೆಲಸವನ್ನು ಮುರ್ಮು ಅವರ ಬೆಂಬಲದಲ್ಲಿ ಬೆಳೆದ ಆಸೆಕಾ ಸಂಘಟನೆಯವರು ಹಳ್ಳಿಗಳಲ್ಲಿ ತಮ್ಮದೇ ತರಗತಿ ನಡೆಸಿ ಮಾಡಿದರು.

ಎಲ್ಲರೂ ಒಪ್ಪಿದ್ದರು ಅಂತಲೂ ಅಲ್ಲ. ಚರ್ಚಿನ ಸಂಪರ್ಕದ ಅನೇಕ ಸಂತಾಲರಿಗೆ ರೋಮನ್ ಲಿಪಿಯೇ ರೂಢಿ. ಹೊಸ ಲಿಪಿ ಕಲಿತರೆ ಮಕ್ಕಳಿಗೆ ಕಚೇರಿಯಲ್ಲಿ, ಅಂಗಡಿಯಲ್ಲಿ ಏನು ಉಪಯೋಗ ಅಂತ ಕೇಳಿದವರೂ ಇದ್ದರು. ಆ ಪ್ರಶ್ನೆಯಲ್ಲಿ ಹುರುಳಿಲ್ಲ ಅನ್ನಲಾಗದು. ಆದರೆ ತಾಯ್ನುಡಿಯಲ್ಲಿ ಓದು ಶುರು ಮಾಡಿದ ಮಗು ರಾಜ್ಯದ ಭಾಷೆ ಕಲಿಯೋದಿಲ್ಲ ಅಂತ ಯಾರು ಹೇಳಿದರು? ಒಡಿಯಾದಲ್ಲೇ ಓದಿ ಮೆಟ್ರಿಕ್ ಮುಗಿಸಿದ ಮುರ್ಮು ಅವರಿಗೆ ಒಡಿಯಾ ಮೇಲೆ ಸಿಟ್ಟಿರಲಿಲ್ಲ, ಶುರು ಮನೆಯ ಮಾತಿನಿಂದ ಆಗಬೇಕಿತ್ತು, ಅಷ್ಟೇ.

1979ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಓಲ್ ಚಿಕಿಗೆ ಮಾನ್ಯತೆ ಕೊಟ್ಟಿತು. ಲಿಪಿ ಹುಟ್ಟಿ ಆಗಲೇ 54 ವರ್ಷ. ಅದನ್ನು ಕಣ್ಣಾರೆ ನೋಡಿದ ಮುರ್ಮು 1982ರ ಫೆಬ್ರುವರಿ 1ರಂದು ತೀರಿಕೊಂಡರು. ಬೋಡೊ, ಡೋಗ್ರಿ, ಮೈಥಿಲಿ ಜೊತೆ ಸಂತಾಲಿ ಎಂಟನೇ ಪರಿಚ್ಛೇದಕ್ಕೆ ಸೇರಿದ್ದು 2003ರ ತಿದ್ದುಪಡಿಯಿಂದ. ತುಳುವಿಗೆ ನಮ್ಮವರು ಇಂದಿಗೂ ಕೇಳ್ತಿರೋದು ಇದನ್ನೇ. 2008ರಲ್ಲಿ ಓಲ್ ಚಿಕಿ ಯೂನಿಕೋಡ್‌ಗೂ ಬಂತು, ಈಗ ಮೊಬೈಲ್‌ನಲ್ಲೂ ಟೈಪ್ ಮಾಡಬಹುದು. 2011ರ ಜನಗಣತಿ ಪ್ರಕಾರ ದೇಶದಲ್ಲಿ ಸಂತಾಲಿ ಮಾತಾಡುವವರು ಸುಮಾರು 73 ಲಕ್ಷ.

ಒಡಿಶಾದ ರಜಾ ಪಟ್ಟಿಯಲ್ಲಿ ಬುದ್ಧ ಪೂರ್ಣಿಮೆಯ ದಿನಕ್ಕೆ ಅವರ ಜಯಂತಿಯನ್ನೂ ಸೇರಿಸಿದ್ದಾರೆ. ಗಲ್ಲಾಪೆಟ್ಟಿಗೆಯಲ್ಲಿ ಇರೋ ಯಾವುದಾದರೂ ನೋಟು ತಿರುಗಿಸಿ ನೋಡಿ, ಹಿಂಬದಿಯ ಪಟ್ಟಿಯಲ್ಲಿ 15 ಭಾಷೆಗಳಲ್ಲಿ ಬೆಲೆ ಬರೆದಿರುತ್ತೆ. ಕನ್ನಡ, ಕೊಂಕಣಿ ಎರಡೂ ಇವೆ. ಸಂತಾಲಿ ಇನ್ನೂ ಬಂದಿಲ್ಲ.