ಪ್ರೊ. ಜಿ. ಎನ್. ರಾಮಚಂದ್ರನ್: ಜೀವವಿಜ್ಞಾನಕ್ಕೆ ಗಣಿತದ ದಾರಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ವಿದ್ಯಾರ್ಥಿಗಳು ಪದವಿಪೂರ್ವ ತರಗತಿಯನ್ನು ಮುಗಿಸಿದೊಡನೆ ತಂದೆತಾಯಿಗಳು ಅಧ್ಯಾಪಕರಲ್ಲಿ ಕೇಳುವ ಪ್ರಶ್ನೆಗಳಿಗೆ ಹೊಸದೊಂದು ಸೇರಿದೆ. ಜೈವಿಕ ಮಾಹಿತಿ ವಿಜ್ಞಾನವನ್ನು, ಅಂದರೆ ಬಯೋಇನ್ಫರ್ಮ್ಯಾಟಿಕ್ಸನ್ನು, ಓದಿದರೆ ಮಕ್ಕಳಿಗೆ ಏನು ದೊರೆಯುತ್ತದೆ? ಉದ್ಯೋಗಗಳ ಪಟ್ಟಿಗಿಂತ ಮೊದಲು ಒಬ್ಬ ಮಹನೀಯರ ಜೀವನಚರಿತ್ರೆಯೇ ಇದಕ್ಕೆ ಉತ್ತರವಾಗಬಲ್ಲುದು.

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಅವರು 1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದರು. ತಂದೆ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದುದರಿಂದ ಗಣಿತವು ಅವರಿಗೆ ಮನೆಯ ಮಾತೇ ಆಗಿದ್ದಿತು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ವಿದ್ಯುತ್ ಎಂಜಿನಿಯರಿಂಗ್ ವ್ಯಾಸಂಗಕ್ಕೆಂದು ಬಂದ ತರುಣನನ್ನು ಸರ್ ಸಿ. ವಿ. ರಾಮನ್ ಭೌತವಿಜ್ಞಾನಕ್ಕೆ ಸೆಳೆದುಕೊಂಡರು. ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು ಮರಳಿದ ಅವರು 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಆಗ ಅವರಿಗೆ ಮೂವತ್ತರ ಪ್ರಾಯ.

ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಲ ನೀಡುವ ಕೊಲಾಜೆನ್ ಎಂಬ ಪ್ರೋಟೀನು ಮೂರು ಎಳೆಗಳ ಹುರಿಯಂತೆ ಹೆಣೆದುಕೊಂಡಿದೆಯೆಂದು ಅವರೂ ಗೋಪಿನಾಥ ಕರ್ತಾ ಅವರೂ 1954ರಲ್ಲಿ ತೋರಿಸಿ, ಮರುವರ್ಷ ಆ ರಚನೆಯನ್ನು ತಿದ್ದಿ ಪ್ರಕಟಿಸಿದರು. ಆದರೆ ಆ ರಚನೆಯಲ್ಲಿ ಕೆಲವು ಪರಮಾಣುಗಳು ತೀರ ಹತ್ತಿರವಾಗಿವೆಯೆಂದು ಫ್ರಾನ್ಸಿಸ್ ಕ್ರಿಕ್ ಮೊದಲಾದವರು ಆಕ್ಷೇಪಿಸಿದರು. ಆಕ್ಷೇಪಿಸಿದವರು ಲೋಕಖ್ಯಾತರು, ಆಕ್ಷೇಪಕ್ಕೊಳಗಾದುದು ಮದರಾಸಿನ ಒಂದು ಹೊಸ ಪ್ರಯೋಗಶಾಲೆ. ರಾಮಚಂದ್ರನ್ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಅಂದಿನವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳನ್ನು ಶೋಧಿಸಿ, ಪರಮಾಣುಗಳು ಪರಸ್ಪರ ಎಷ್ಟು ಸಮೀಪಿಸಬಲ್ಲವೆಂಬುದನ್ನು ಒಟ್ಟುಗೂಡಿಸಿದರು. ಬಳಿಕ ರಾಮಕೃಷ್ಣನ್, ಶಶಿಶೇಖರನ್ ಎಂಬ ಸಹೋದ್ಯೋಗಿಗಳೊಡನೆ, ಪ್ರೋಟೀನಿನ ಸರಪಳಿ ಯಾವ ಯಾವ ಕೋನಗಳಲ್ಲಿ ತಿರುಗಬಲ್ಲುದೆಂದು ಲೆಕ್ಕಹಾಕಿ 1963ರಲ್ಲಿ ಒಂದು ನಕ್ಷೆಯನ್ನು ಪ್ರಕಟಿಸಿದರು. ಅದೇ ಜಗತ್ಪ್ರಸಿದ್ಧವಾದ ರಾಮಚಂದ್ರನ್ ನಕ್ಷೆ. ಪ್ರೋಟೀನಿನ ಹೊಸ ರಚನೆಗಳನ್ನು ಇಂದಿಗೂ ಈ ನಕ್ಷೆಯ ಒರೆಗಲ್ಲಿಗೆ ಹಚ್ಚಿ ನೋಡುತ್ತಾರೆ.

1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿದ ಅವರು ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. 1977ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಕಡೆಯ ವರ್ಷಗಳಲ್ಲಿ ಪಾರ್ಕಿನ್ಸನ್ ರೋಗದಿಂದ ಬಳಲಿ, 2001ರ ಏಪ್ರಿಲ್ 7ರಂದು ಕೀರ್ತಿಶೇಷರಾದರು.

ಚದುರಿದ ಮಾಹಿತಿಯನ್ನು ಸಂಗ್ರಹಿಸಿ, ಹೋಲಿಸಿ, ಗಣಿಸಿ, ಜೀವದ ನಿಯಮವನ್ನು ಅರಿಯುವುದೇ ಜೈವಿಕ ಮಾಹಿತಿ ವಿಜ್ಞಾನದ ತಿರುಳು. ಮೂಡುಬಿದಿರೆಯ ಬಸದಿಯಲ್ಲಿ ಉಳಿದುಬಂದ ಧವಲಾ ಗ್ರಂಥದ ತಾಳೆಗರಿಗಳನ್ನು ಇತರ ಪ್ರತಿಗಳೊಡನೆ ಹೋಲಿಸಿ ಪಂಡಿತರು ಪಾಠ ನಿರ್ಣಯಿಸಿದಂತೆ, ಈ ಶಾಸ್ತ್ರಜ್ಞರು ಜೀವಿಗಳ ವಂಶಲಿಪಿಯನ್ನು ಸಾಲುಸಾಲಾಗಿ ಹೋಲಿಸುತ್ತಾರೆ. ಔಷಧ ಸಂಶೋಧನೆ, ಬೆಳೆಗಳ ತಳಿ ಸುಧಾರಣೆ, ಆಸ್ಪತ್ರೆಗಳ ವಂಶವಾಹಿ ಪರೀಕ್ಷೆ, ಅಧ್ಯಾಪನ ಇವೆಲ್ಲವೂ ಅವರಿಗೆ ತೆರೆದ ಕ್ಷೇತ್ರಗಳು. ಪ್ರೋಟೀನಿನ ರಚನೆಯನ್ನು ಗಣಕದಿಂದ ಊಹಿಸಿದವರಿಗೆ 2024ರಲ್ಲಿ ನೊಬೆಲ್ ಪ್ರಶಸ್ತಿಯೂ ಸಂದಿತು.

ಆದರೆ ಗಣಿತಕ್ಕೆ ಅಂಜಿ ಜೀವಶಾಸ್ತ್ರವನ್ನು ಆರಿಸಿಕೊಂಡ ವಿದ್ಯಾರ್ಥಿಗೆ, ಉಳಿದುದನ್ನು ಗಣಕಯಂತ್ರವೇ ಮಾಡೀತೆಂದು ಭರವಸೆ ಕೊಡುವುದು ಅಧ್ಯಾಪಕರಿಗೆ ತರವಲ್ಲ. ಕಾಯಕವನ್ನು ಆರಾಧನೆಯೆಂದು ಬಗೆಯುವ ಪರಂಪರೆ ನಮ್ಮದು. ಆಕ್ಷೇಪಕ್ಕೆ ದುಡಿಮೆಯಿಂದಲೇ ಉತ್ತರವಿತ್ತ ಈ ವಿಜ್ಞಾನಿಯ ಬಾಳು ನಮ್ಮ ಶಾಲೆಯ ಮಕ್ಕಳಿಗೆ ದಾರಿದೀಪವಾಗಲಿ. ಅವರ ಗಣಿತದ ಬುನಾದಿಯನ್ನು ಬಲಪಡಿಸುವ ಹೊಣೆ ಅಧ್ಯಾಪಕರದೂ ಹಳೆಯ ವಿದ್ಯಾರ್ಥಿಗಳದೂ ದಾನಿಗಳದೂ ಆಗಿರಲಿ.