ಹಲ್ ಹೌಸಿನ ಜೇನ್ ಆಡಮ್ಸ್

ರಾಜಕೀಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ರಾಜಧಾನಿಯ ಶಾಸನಸಭೆ, ಮಂತ್ರಿಮಂಡಲ ಮತ್ತು ಚುನಾವಣೆಯ ಗದ್ದಲ. ಮನೆಯ ಮುಂದಿನ ಚರಂಡಿ, ಬೀದಿಯ ಕೊನೆಯ ಕಸದ ರಾಶಿ, ಕುಡಿಯುವ ನೀರು, ಮಕ್ಕಳು ಕಲಿಯುವ ಶಾಲೆ ಇವೂ ರಾಜಕೀಯದ ವಿಷಯಗಳೇ ಎಂಬುದು ನಮಗೆ ಬೇಗನೆ ಹೊಳೆಯುವುದಿಲ್ಲ. ಈ ಸತ್ಯವನ್ನು ಕಸದ ಬಂಡಿಯ ಹಿಂದೆ ನಡೆದು ಕಂಡುಕೊಂಡ ಮಹಿಳೆಯೊಬ್ಬರು ಅಮೆರಿಕದ ಶಿಕಾಗೋ ನಗರದಲ್ಲಿದ್ದರು. ಅವರೇ ಜೇನ್ ಆಡಮ್ಸ್. ಆ ಕಾಲದಲ್ಲಿ ತಮ್ಮ ನಗರಸಭೆಯ ಚುನಾವಣೆಯಲ್ಲಿ ಮತ ನೀಡುವ ಹಕ್ಕು ಕೂಡ ಅವರಿಗಿರಲಿಲ್ಲ. ಆದರೂ ಆ ನಗರದ ಆಡಳಿತವನ್ನೂ ಇಲಿನಾಯ್ ರಾಜ್ಯದ ಕಾನೂನುಗಳನ್ನೂ ತಿದ್ದುವುದರಲ್ಲಿ ಅವರು ವಹಿಸಿದ ಪಾತ್ರ ಬಹು ದೊಡ್ಡದು.

ಜೇನ್ ಆಡಮ್ಸ್ 1860ನೆಯ ಇಸವಿ ಸೆಪ್ಟೆಂಬರ್ 6ರಂದು ಇಲಿನಾಯ್ ರಾಜ್ಯದ ಸೀಡರ್‌ವಿಲ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಜಾನ್ ಆಡಮ್ಸ್ ಹಿಟ್ಟಿನ ಗಿರಣಿಯ ಒಡೆಯರು. ಅನೇಕ ವರ್ಷಗಳ ಕಾಲ ರಾಜ್ಯದ ಶಾಸನಸಭೆಯ ಸದಸ್ಯರಾಗಿದ್ದವರು. ಅಬ್ರಹಾಂ ಲಿಂಕನ್ನರ ಸ್ನೇಹಿತರು. ಮಗಳಿಗೆ ಎರಡು ವರ್ಷ ತುಂಬಿದ ಸ್ವಲ್ಪ ಕಾಲದಲ್ಲೇ ತಾಯಿ ತೀರಿಕೊಂಡರು. ಬಾಲ್ಯದಲ್ಲಿ ತಗುಲಿದ ಕ್ಷಯರೋಗದಿಂದ ಆ ಮಗುವಿನ ಬೆನ್ನೆಲುಬು ಡೊಂಕಾಯಿತು. ತಾಯಿಯಿಲ್ಲದ ಆ ಹುಡುಗಿಗೆ ತಂದೆಯೇ ಸರ್ವಸ್ವ. ಲಿಂಕನ್ನರು ಕೊಲೆಯಾದ ಸುದ್ದಿ ಬಂದ ದಿನ, ಎಂದೂ ಅಳದ ತಂದೆ ಕಣ್ಣೀರಿಡುವುದನ್ನು ನಾಲ್ಕೂವರೆ ವರ್ಷದ ಜೇನ್ ಕಂಡಳು. ಮನೆಯ ಗೋಡೆಗಳ ಹೊರಗೂ ನಾವು ಪ್ರೀತಿಸಬೇಕಾದ ಒಂದು ದೊಡ್ಡ ಲೋಕವಿದೆ ಎಂಬ ಅರಿವು ಅವಳಲ್ಲಿ ಮೊಳೆತುದು ಅಂದೇ.

ಇನ್ನೊಮ್ಮೆ ತಂದೆಯೊಡನೆ ಪಕ್ಕದ ಪಟ್ಟಣಕ್ಕೆ ಹೋಗಿದ್ದಾಗ ಗಿರಣಿಯ ಬಳಿ ಒತ್ತೊತ್ತಾಗಿ ನಿಂತಿದ್ದ ಹರಕುಮುರುಕು ಮನೆಗಳು ಅವಳ ಕಣ್ಣಿಗೆ ಬಿದ್ದುವು. ಜನರು ಇಂತಹ ಮನೆಗಳಲ್ಲಿ ಏಕೆ ಬಾಳುತ್ತಾರೆಂದು ತಂದೆಯನ್ನು ಕೇಳಿದಳು. ತಾನು ಬೆಳೆದು ದೊಡ್ಡವಳಾದ ಮೇಲೆ ದೊಡ್ಡ ಮನೆಯಲ್ಲೇ ಇರುವೆನೆಂದೂ, ಆದರೆ ಆ ಮನೆ ಇಂತಹ ಬಡ ಮನೆಗಳ ನಡುವೆಯೇ ಇರುವುದೆಂದೂ ಆ ಬಾಲಕಿ ತಂದೆಗೆ ಹೇಳಿದಳಂತೆ. ಮಗುವಿನ ಆ ಮಾತು ಮುಂದೆ ಅಕ್ಷರಶಃ ನಿಜವಾಯಿತು.

1881ರಲ್ಲಿ ರಾಕ್‌ಫರ್ಡಿನ ಮಹಿಳಾ ವಿದ್ಯಾಲಯದಿಂದ ತೇರ್ಗಡೆಯಾದ ಜೇನ್, ಬಡವರ ವೈದ್ಯೆಯಾಗಬೇಕೆಂಬ ಹಂಬಲವಿಟ್ಟುಕೊಂಡಿದ್ದರು. ಅದೇ ವರ್ಷ ತಂದೆ ಅಕಸ್ಮಾತ್ತಾಗಿ ತೀರಿಹೋದರು. ಫಿಲಡೆಲ್ಫಿಯದ ವೈದ್ಯಕೀಯ ಕಾಲೇಜಿಗೆ ಸೇರಿದ ಕೆಲವೇ ತಿಂಗಳುಗಳಲ್ಲಿ ಬೆನ್ನಿನ ನೋವು ಉಲ್ಬಣಿಸಿ ಓದನ್ನು ಕೈಬಿಡಬೇಕಾಯಿತು. ಅನಂತರದ ಏಳೆಂಟು ವರ್ಷಗಳು ಅವರ ಬಾಳಿನ ಕತ್ತಲೆಯ ವರ್ಷಗಳು. ವಿದ್ಯೆಯಿತ್ತು, ಹಣವಿತ್ತು, ಮಾಡುವ ಕೆಲಸವೇ ಇರಲಿಲ್ಲ. ಯೂರೋಪಿನ ಪ್ರವಾಸಕ್ಕೆ ಹೊರಟ ಅವರು 1883ರಲ್ಲಿ ಲಂಡನ್ನಿನ ಪೂರ್ವಭಾಗದ ಬಡಾವಣೆಯೊಂದಕ್ಕೆ ಹೋದರು. ಅದು ಶನಿವಾರದ ರಾತ್ರಿ. ಕೊಳೆಯುತ್ತಿದ್ದ ತರಕಾರಿಯನ್ನು ಅಲ್ಲಿ ಹರಾಜು ಹಾಕುತ್ತಿದ್ದರು. ಹರಾಜಿನಲ್ಲಿ ಕೋಸಿನ ಗಡ್ಡೆಯೊಂದನ್ನು ಪಡೆದವನು ಅದನ್ನು ತೊಳೆಯದೆ, ಬೇಯಿಸದೆ, ಅಲ್ಲಿಯೇ ಕುಳಿತು ಗಬಗಬನೆ ತಿಂದುದನ್ನು ಕಂಡು ಅವರ ಹೃದಯ ತಲ್ಲಣಿಸಿತು. 1888ರಲ್ಲಿ ಅವರು ಮತ್ತೆ ಲಂಡನ್ನಿಗೆ ಹೋದಾಗ ಟಾಯ್ನ್‌ಬಿ ಹಾಲ್ ಎಂಬ ಸಂಸ್ಥೆಯನ್ನು ನೋಡಿದರು. ಅಲ್ಲಿ ವಿಶ್ವವಿದ್ಯಾನಿಲಯದಲ್ಲಿ ಕಲಿತ ತರುಣರು ಬಡವರ ಕೇರಿಯಲ್ಲೇ ನೆಲೆಸಿ, ಅವರ ನೆರೆಯವರಾಗಿ ಬಾಳುತ್ತಿದ್ದರು. ತಾವು ಹುಡುಕುತ್ತಿದ್ದ ದಾರಿ ಇದೇ ಎಂದು ಜೇನ್ ಆಡಮ್ಸರಿಗೆ ತೋರಿತು.

ಆಗ ಶಿಕಾಗೋ ನಗರ ಹುಚ್ಚುಹೊಳೆಯಂತೆ ಬೆಳೆಯುತ್ತಿತ್ತು. 1870ರಲ್ಲಿ ಸುಮಾರು 3 ಲಕ್ಷವಿದ್ದ ಜನಸಂಖ್ಯೆ 1890ರ ವೇಳೆಗೆ 10 ಲಕ್ಷವನ್ನು ಮೀರಿತು. ಇಟಲಿ, ಗ್ರೀಸ್, ಜರ್ಮನಿ, ಐರ್ಲೆಂಡ್, ರಷ್ಯ, ಪೋಲೆಂಡ್ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದವರು ಕಾರ್ಖಾನೆಗಳ ಸುತ್ತಲಿನ ಇಕ್ಕಟ್ಟಾದ ಮನೆಗಳಲ್ಲಿ ತುಂಬಿಕೊಂಡಿದ್ದರು. ಇಂತಹ ಜನರಿದ್ದ ಹತ್ತೊಂಬತ್ತನೆಯ ವಾರ್ಡಿನ ಹಾಲ್‌ಸ್ಟೆಡ್ ಬೀದಿಯಲ್ಲಿ ಹಲ್ ಎಂಬ ಸಿರಿವಂತರು ಹಿಂದೆ ಕಟ್ಟಿಸಿದ್ದ ಹಳೆಯ ಮನೆಯೊಂದಿತ್ತು. 1889ರ ಸೆಪ್ಟೆಂಬರ್ 18ರಂದು ಜೇನ್ ಆಡಮ್ಸ್ ತಮ್ಮ ಸಹಪಾಠಿ ಎಲೆನ್ ಸ್ಟಾರ್ ಅವರೊಡನೆ ಆ ಮನೆಯನ್ನು ಹೊಕ್ಕರು. ಅದೇ ಹಲ್ ಹೌಸ್.

ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಅಲ್ಲಿ ಶಿಶುವಿಹಾರ ಮೊದಲಾಯಿತು. ಸಂಜೆಯ ತರಗತಿಗಳು, ವಾಚನಾಲಯ, ಚಿತ್ರಶಾಲೆ, ವ್ಯಾಯಾಮಶಾಲೆ, ಮಕ್ಕಳ ಆಟದ ಬಯಲು ಒಂದೊಂದಾಗಿ ಸೇರಿಕೊಂಡುವು. ಮುಂದೆ ಆ ಒಂದು ಮನೆ 13 ಕಟ್ಟಡಗಳ ಸಮೂಹವಾಗಿ ಬೆಳೆಯಿತು. ಅಲ್ಲಿ ನೆಲೆಸಿದವರು ಬಡವರನ್ನು ಉದ್ಧರಿಸಲು ಬಂದ ದಾನಿಗಳೆಂದು ತಮ್ಮನ್ನು ಭಾವಿಸಿಕೊಳ್ಳಲಿಲ್ಲ. ತಾವು ಆ ಬೀದಿಯ ನಿವಾಸಿಗಳು, ಅಲ್ಲಿಯ ಜನರ ಕಷ್ಟ ತಮ್ಮ ಕಷ್ಟ ಎಂಬುದೇ ಅವರ ನಿಲವಾಗಿತ್ತು.

ಹಲ್ ಹೌಸಿನ ಮೊದಲ ಕ್ರಿಸ್‌ಮಸ್ ಹಬ್ಬದಲ್ಲಿ ಮಕ್ಕಳಿಗೆ ಮಿಠಾಯಿ ಹಂಚಿದಾಗ ಕೆಲವು ಪುಟ್ಟ ಹುಡುಗಿಯರು ಅದನ್ನು ಮುಟ್ಟಲಿಲ್ಲ. ವಿಚಾರಿಸಿದಾಗ ತಿಳಿದುಬಂದ ಸಂಗತಿ ಇದು: ಅವರು ಮಿಠಾಯಿ ಕಾರ್ಖಾನೆಯಲ್ಲಿ ಬೆಳಗಿನ ಏಳರಿಂದ ರಾತ್ರಿಯ ಒಂಬತ್ತರವರೆಗೆ ದುಡಿಯುತ್ತಿದ್ದ ಮಕ್ಕಳು, ಮಿಠಾಯಿಯ ನೋಟವೇ ಅವರಿಗೆ ಅಸಹ್ಯವಾಗಿಬಿಟ್ಟಿತ್ತು. ಅದೇ ಚಳಿಗಾಲದಲ್ಲಿ ನೆರೆಯ ಕಾರ್ಖಾನೆಯೊಂದರ ಒಂದೇ ಯಂತ್ರಕ್ಕೆ ಸಿಕ್ಕಿ ಮೂವರು ಹುಡುಗರು ಗಾಯಗೊಂಡರು. ಅವರಲ್ಲೊಬ್ಬ ಸತ್ತುಹೋದ. ಕೆಲವೇ ಡಾಲರುಗಳ ಬೆಲೆಯ ರಕ್ಷಣಾಕವಚವೊಂದು ಆ ಯಂತ್ರಕ್ಕೆ ಇದ್ದಿದ್ದರೆ ಈ ಅನಾಹುತ ತಪ್ಪುತ್ತಿತ್ತು. ಇಷ್ಟಾದರೂ ಕಾರ್ಖಾನೆಯವರು ಏನನ್ನೂ ಮಾಡಲಿಲ್ಲ. ಮಾಡಬೇಕೆಂದು ಕಡ್ಡಾಯಗೊಳಿಸುವ ಕಾನೂನೂ ಇರಲಿಲ್ಲ. ಕರುಣೆಯೊಂದರಿಂದಲೇ ಇಂತಹ ಅನ್ಯಾಯ ನಿಲ್ಲದೆಂದು ಜೇನ್ ಆಡಮ್ಸರಿಗೆ ಮನವರಿಕೆಯಾಯಿತು. ಬೀದಿಯ ದುಃಖವನ್ನು ರಾಜ್ಯದ ಶಾಸನಸಭೆಗೆ ಕೊಂಡೊಯ್ಯದೆ ಬೇರೆ ಮಾರ್ಗವಿರಲಿಲ್ಲ.

ಹಲ್ ಹೌಸಿನ ನಿವಾಸಿಯಾಗಿದ್ದ ಫ್ಲಾರೆನ್ಸ್ ಕೆಲ್ಲಿ ಎಂಬ ಧೀರ ಮಹಿಳೆ ಮನೆಮನೆಗೆ ಹೋಗಿ ದುಡಿಯುವ ಮಕ್ಕಳ ಸ್ಥಿತಿಗತಿಗಳನ್ನು ವಿಚಾರಿಸಿ ವರದಿಗಳನ್ನು ಸಿದ್ಧಪಡಿಸಿದರು. ಕಾನೂನಿನ ಪರವಾಗಿ ಕಾರ್ಮಿಕ ಸಂಘಗಳಲ್ಲಿಯೂ ಮಹಿಳಾ ಸಂಘಗಳಲ್ಲಿಯೂ ಜೇನ್ ಆಡಮ್ಸ್ ಭಾಷಣ ಮಾಡಿದರು. ಆ ದಿನಗಳಲ್ಲಿ ಒಂದು ಪ್ರಲೋಭನೆ ಎದುರಾಯಿತು. ಈ ಕಾನೂನಿನ ಗೊಡವೆಯನ್ನು ಬಿಟ್ಟರೆ ಹಲ್ ಹೌಸಿಗೆ 50,000 ಡಾಲರುಗಳ ದೇಣಿಗೆ ದೊರೆಯುವುದೆಂದು ಕಾರ್ಖಾನೆದಾರರ ಕಡೆಯಿಂದ ಸೂಚನೆ ಬಂದಿತು. ಜೇನ್ ಆಡಮ್ಸ್ ಅದನ್ನು ತಿರಸ್ಕರಿಸಿದರು. ಶಾಸನಸಭೆಯಲ್ಲಿ ಅಷ್ಟು ವರ್ಷವಿದ್ದರೂ ತಮ್ಮ ತಂದೆಗೆ ಲಂಚ ಕೊಡಲು ಯಾರೂ ಮುಂದಾಗಿರಲಿಲ್ಲ. ತಮ್ಮ ಮುಂದೆ ಅಂತಹ ಮಾತನ್ನಾಡುವ ಧೈರ್ಯ ಒಬ್ಬರಿಗೆ ಬಂದಿತಲ್ಲಾ ಎಂದು ಅವರು ನಾಚಿ ನೊಂದರು.

1893ರಲ್ಲಿ ಇಲಿನಾಯ್ ರಾಜ್ಯ ಕಾರ್ಖಾನೆಗಳ ಕಾನೂನನ್ನು ಅಂಗೀಕರಿಸಿತು. 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಯ ಕೆಲಸಕ್ಕೆ ಇಟ್ಟುಕೊಳ್ಳುವುದು ನಿಷಿದ್ಧವಾಯಿತು. ಹೆಂಗಸರ ದುಡಿಮೆಗೆ ದಿನಕ್ಕೆ ಎಂಟು ಗಂಟೆಗಳ ಮಿತಿ ಬಂದಿತು. ರಾಜ್ಯಪಾಲ ಆಲ್ಟ್‌ಗೆಲ್ಡರು ಫ್ಲಾರೆನ್ಸ್ ಕೆಲ್ಲಿಯವರನ್ನೇ ಕಾರ್ಖಾನೆಗಳ ಮುಖ್ಯ ತನಿಖಾಧಿಕಾರಿಯನ್ನಾಗಿ ನೇಮಿಸಿದರು. ಮಕ್ಕಳ ಸಂಬಳವನ್ನೇ ನೆಚ್ಚಿದ್ದ ಬಡ ತಾಯಿತಂದೆಗಳಿಗೆ ಈ ಕಾನೂನು ಕಷ್ಟವನ್ನು ತಂದುದೂ ಉಂಟು. ಅವರ ಮುನಿಸನ್ನು ನೆರೆಯವರಾದ ಹಲ್ ಹೌಸಿನವರು ದಿನವೂ ಎದುರಿಸಬೇಕಾಯಿತು. ಅಲ್ಲದೆ 1895ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಎಂಟು ಗಂಟೆಗಳ ನಿಯಮವನ್ನು ರದ್ದುಗೊಳಿಸಿತು. ಆದರೂ ಅವರು ಎದೆಗುಂದಲಿಲ್ಲ. 1903ರಲ್ಲಿ ಮಕ್ಕಳ ದುಡಿಮೆಯ ಬಗ್ಗೆ ಇನ್ನೂ ಬಿಗಿಯಾದ ಕಾನೂನೂ, 1909ರಲ್ಲಿ ಹೆಂಗಸರ ದುಡಿಮೆಗೆ ಹತ್ತು ಗಂಟೆಗಳ ಮಿತಿಯೂ ಆ ರಾಜ್ಯದಲ್ಲಿ ಜಾರಿಗೆ ಬಂದುವು.

ರಾಜ್ಯದ ಕಾನೂನಿನ ಹೋರಾಟ ಹೀಗೆ ನಡೆದಿರುವಾಗಲೇ ಮನೆಬಾಗಿಲಿನಲ್ಲಿ ಇನ್ನೊಂದು ಹೋರಾಟ ಕಾದಿತ್ತು. ಹತ್ತೊಂಬತ್ತನೆಯ ವಾರ್ಡಿನ ಬೀದಿಗಳಲ್ಲಿ ದೊಡ್ಡ ದೊಡ್ಡ ಮರದ ಕಸದ ಪೆಟ್ಟಿಗೆಗಳನ್ನು ನೆಲಕ್ಕೆ ಬಿಗಿದಿದ್ದರು. ಅವು ತುಂಬಿ ಸುರಿಯುತ್ತಿದ್ದುವು. ಚಿಕ್ಕ ಮಕ್ಕಳು ಅವುಗಳ ಮೇಲೇರಿ ಆಡುತ್ತಿದ್ದರು. ಆ ವಾರ್ಡಿನ ಮರಣಪ್ರಮಾಣ ಬಹಳ ಹೆಚ್ಚಾಗಿತ್ತು. ಹಲ್ ಹೌಸಿನ ಮಹಿಳಾ ಸಂಘದ ಸದಸ್ಯೆಯರು ಓಣಿ ಓಣಿಗಳನ್ನು ಪರೀಕ್ಷಿಸಿ, ಎರಡು ತಿಂಗಳುಗಳಲ್ಲಿ ನಿಯಮೋಲ್ಲಂಘನೆಯ 1037 ವರದಿಗಳನ್ನು ಆರೋಗ್ಯ ಇಲಾಖೆಗೆ ಕಳುಹಿಸಿದರು. ಇನ್‌ಸ್ಪೆಕ್ಟರುಗಳು ವರ್ಗವಾದರೇ ಹೊರತು ಕಸ ಕದಲಲಿಲ್ಲ. ಕೊನೆಗೆ 1895ರಲ್ಲಿ ಆ ವಾರ್ಡಿನ ಕಸ ಸಾಗಿಸುವ ಗುತ್ತಿಗೆಗೆ ಜೇನ್ ಆಡಮ್ಸ್ ತಾವೇ ಟೆಂಡರ್ ಸಲ್ಲಿಸಿದರು. ತಾಂತ್ರಿಕ ಕಾರಣ ಹೇಳಿ ಅದನ್ನು ತಳ್ಳಿಹಾಕಿದರು. ಆದರೆ ಈ ಸುದ್ದಿ ಊರಿನಲ್ಲೆಲ್ಲ ಹರಡಿದುದರಿಂದ ನಗರದ ಮೇಯರು ಅವರನ್ನು ವರ್ಷಕ್ಕೆ 1000 ಡಾಲರುಗಳ ಸಂಬಳದ ಮೇಲೆ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರನ್ನಾಗಿ ನೇಮಿಸಿದರು.

ಬೆಳಗ್ಗೆ ಆರು ಗಂಟೆಗೇ ಎದ್ದು, ಬಂಡಿಗಳು ಹೊರಟುವೇ ಇಲ್ಲವೇ ಎಂದು ನೋಡಿ, ಅವುಗಳ ಹಿಂದೆಯೇ ಹೋಗಿ ಕಸವನ್ನು ಸುರಿಯುವ ತಾಣದವರೆಗೂ ತಪಾಸಣೆ ನಡೆಸುವುದು ಅವರ ನಿತ್ಯದ ಕೆಲಸವಾಯಿತು. ಗುತ್ತಿಗೆದಾರರು ಬಂಡಿಗಳ ಸಂಖ್ಯೆಯನ್ನು ಹೆಚ್ಚಿಸಲೇಬೇಕಾಯಿತು. ನಿಯಮ ಮೀರಿದ ಮನೆಯೊಡೆಯರು ನ್ಯಾಯಾಲಯಕ್ಕೆ ಬರಬೇಕಾಯಿತು. ಕಿರಿದಾದ ಒಂದು ಬೀದಿಯಲ್ಲಿ ಹದಿನೆಂಟು ಅಂಗುಲಗಳಷ್ಟು ಕಸವನ್ನು ಕೆರೆದು ತೆಗೆದಾಗ ಕೆಳಗೆ ಕಲ್ಲುಹಾಸಿನ ರಸ್ತೆ ಕಾಣಿಸಿತು. ಅಲ್ಲೊಂದು ರಸ್ತೆಯಿತ್ತೆಂಬುದೇ ಜನರಿಗೆ ಮರೆತುಹೋಗಿತ್ತು! ಇದು ಹೆಣ್ಣಿಗೆ ತಕ್ಕ ಕೆಲಸವಲ್ಲವೆಂದು ನೆರೆಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ರೋಗಿಯ ಶುಶ್ರೂಷೆ ಹೆಣ್ಣಿಗೆ ತಕ್ಕದ್ದಾದರೆ ರೋಗ ಬಾರದಂತೆ ತಡೆಯುವುದೂ ತಕ್ಕದ್ದೇ ಎಂದು ಅವರಿಗೆ ತಿಳಿಯಹೇಳಲಾಯಿತು. ಮರಣಪ್ರಮಾಣದಲ್ಲಿ ನಗರದ ವಾರ್ಡುಗಳ ಪೈಕಿ ಮೂರನೆಯ ಸ್ಥಾನದಲ್ಲಿದ್ದ ಆ ವಾರ್ಡು ಏಳನೆಯ ಸ್ಥಾನಕ್ಕೆ ಇಳಿಯಿತು.

ಕಸದ ಮೂಲವನ್ನು ಹುಡುಕುತ್ತ ಹೊರಟವರಿಗೆ ಅದು ನಗರಸಭೆಯಲ್ಲಿರುವಂತೆ ಕಂಡಿತು. ಆ ವಾರ್ಡನ್ನು ಜಾನ್ ಪವರ್ಸ್ ಎಂಬ ಸದಸ್ಯ ಬಹುಕಾಲದಿಂದ ತನ್ನ ಹಿಡಿತದಲ್ಲಿಟ್ಟುಕೊಂಡಿದ್ದ. 1896ರಲ್ಲಿ ಹಲ್ ಹೌಸಿನವರು ಆತನ ವಿರುದ್ಧ ಒಬ್ಬ ಅಭ್ಯರ್ಥಿಯನ್ನು ಬೆಂಬಲಿಸಿದರು, ಸೋತರು. 1898ರಲ್ಲಿ ಮತ್ತೊಬ್ಬರನ್ನು ಬೆಂಬಲಿಸಿದರು, ಮತ್ತೆ ಸೋತರು. ಬೇರೆಯವರಾಗಿದ್ದರೆ ಜನರು ಮೂಢರೆಂದು ಬೈದು ಸುಮ್ಮನಾಗುತ್ತಿದ್ದರು. ಜೇನ್ ಆಡಮ್ಸ್ ಸೋಲಿನ ಕಾರಣವನ್ನು ಶೋಧಿಸಿ 1898ರಲ್ಲಿಯೇ ಒಂದು ಪ್ರಬಂಧವನ್ನು ಬರೆದರು. ಪವರ್ಸ್ ನಿರುದ್ಯೋಗಿಗೆ ಕೆಲಸ ಕೊಡಿಸುತ್ತಿದ್ದ, ಬಾಡಿಗೆ ಕೊಡಲಾರದವನ ನೆರವಿಗೆ ಬರುತ್ತಿದ್ದ, ಬಡವನ ಶವಸಂಸ್ಕಾರಕ್ಕೆ ಗಾಡಿ ಕಳುಹಿಸುತ್ತಿದ್ದ, ಹಬ್ಬಕ್ಕೆ ಮನೆಮನೆಗೂ ಕೋಳಿ ಹಂಚುತ್ತಿದ್ದ. ಆ ಹಣ ಎಲ್ಲಿಂದ ಬಂದಿತೆಂದು ಯೋಚಿಸುವ ಬಿಡುವು ಬಡವನಿಗೆ ಇರಲಿಲ್ಲ. ಕಷ್ಟದಲ್ಲಿ ಬಾಗಿಲಿಗೆ ಬಂದವನೇ ಅವನಿಗೆ ಒಳ್ಳೆಯವನು. ನೀತಿಯನ್ನು ಬೋಧಿಸುವ ಸುಧಾರಕರು ಆ ಬಾಗಿಲಿನಿಂದ ಬಹುದೂರದಲ್ಲಿದ್ದರು. ಒಳ್ಳೆಯ ಆಡಳಿತ ಗೆಲ್ಲಬೇಕಾದರೆ ಅದೂ ಜನರಿಗೆ ಅಷ್ಟೇ ಹತ್ತಿರವಾಗಬೇಕು. ಒಬ್ಬನ ಕೃಪೆಯಿಂದ ದೊರೆಯುವುದು ಎಲ್ಲರಿಗೂ ಹಕ್ಕಾಗಿ ದೊರೆಯಬೇಕು. ಎರಡು ಸೋಲುಗಳಿಂದ ಅವರು ಕಲಿತ ಪಾಠ ಇದು.

ಈ ಪಾಠವನ್ನು ಅವರು ಕೊನೆಯವರೆಗೂ ಆಚರಿಸಿದರು. ತಪ್ಪು ಮಾಡಿದ ಮಕ್ಕಳನ್ನು ದೊಡ್ಡ ಅಪರಾಧಿಗಳೊಡನೆ ಸೆರೆಯಲ್ಲಿಡುವುದನ್ನು ತಪ್ಪಿಸಲು ಹಲ್ ಹೌಸಿನವರೂ ಇತರರೂ ಸೇರಿ ಶ್ರಮಿಸಿದ ಫಲವಾಗಿ, ಅಮೆರಿಕದ ಮೊದಲ ಬಾಲನ್ಯಾಯಾಲಯ 1899ರಲ್ಲಿ ಶಿಕಾಗೋದಲ್ಲಿ ಸ್ಥಾಪಿತವಾಯಿತು. 1905ರಲ್ಲಿ ಜೇನ್ ಆಡಮ್ಸ್ ನಗರದ ಶಿಕ್ಷಣ ಮಂಡಲಿಯ ಸದಸ್ಯೆಯಾದರು. ನಗರವೆಂಬುದು ದೊಡ್ಡದೊಂದು ಮನೆ, ಮನೆವಾರ್ತೆಯನ್ನು ಬಲ್ಲ ಹೆಂಗಸರಿಗೆ ಅದರ ಆಡಳಿತದಲ್ಲಿ ಪಾಲಿರಬೇಕು ಎಂಬುದು ಅವರ ವಾದ. 1913ರಲ್ಲಿ ಇಲಿನಾಯ್ ರಾಜ್ಯದ ಹೆಂಗಸರಿಗೆ ನಗರಸಭೆಯ ಮತ್ತು ರಾಷ್ಟ್ರಾಧ್ಯಕ್ಷರ ಚುನಾವಣೆಗಳಲ್ಲಿ ಮತದಾನದ ಹಕ್ಕು ದೊರೆಯಿತು. 1920ರಲ್ಲಿ ರಾಷ್ಟ್ರದ ಸಂವಿಧಾನವೇ ತಿದ್ದುಪಡಿಯಾಗಿ, ಹೆಣ್ಣೆಂಬ ಕಾರಣಕ್ಕೆ ಯಾರಿಗೂ ಮತದ ಹಕ್ಕನ್ನು ನಿರಾಕರಿಸಬಾರದೆಂಬ ನಿಯಮ ಬಂದಿತು.

ಒಂದನೆಯ ಮಹಾಯುದ್ಧದ ಕಾಲ ಅವರಿಗೆ ಕಠಿನ ಪರೀಕ್ಷೆಯ ಕಾಲವಾಗಿತ್ತು. ಅನೇಕ ದೇಶಗಳ ಜನರು ಒಂದೇ ಬೀದಿಯಲ್ಲಿ ಕೂಡಿ ಬಾಳುವುದನ್ನು ಕಂಡಿದ್ದ ಅವರಿಗೆ ಆ ದೇಶಗಳು ಪರಸ್ಪರ ಕೊಲೆಗಿಳಿದುದು ಸಹಿಸಲಾರದ ನೋವಾಯಿತು. 1915ರಲ್ಲಿ ಹೇಗ್ ನಗರದಲ್ಲಿ ಸೇರಿದ ಮಹಿಳೆಯರ ಅಂತರರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷತೆಯನ್ನು ಅವರು ವಹಿಸಿದರು. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಅದನ್ನು ವಿರೋಧಿಸಿದರು. ಅಲ್ಲಿಯವರೆಗೆ ಅವರನ್ನು ಕೊಂಡಾಡಿದ್ದ ಪತ್ರಿಕೆಗಳೇ ದೇಶದ್ರೋಹಿಯೆಂದು ಜರೆದುವು. ಅವರು ತಮ್ಮ ನಿಲವನ್ನು ಬದಲಿಸಲಿಲ್ಲ. ಬಹುಕಾಲದ ಮೇಲೆ, 1931ರಲ್ಲಿ, ನೊಬೆಲ್ ಶಾಂತಿ ಪಾರಿತೋಷಕವನ್ನು ನಿಕೊಲಸ್ ಮರೆ ಬಟ್ಲರರೊಂದಿಗೆ ಹಂಚಿಕೊಂಡ ಗೌರವ ಅವರಿಗೆ ಸಂದಿತು. ಈ ಗೌರವವನ್ನು ಪಡೆದ ಅಮೆರಿಕದ ಮಹಿಳೆಯರಲ್ಲಿ ಅವರೇ ಮೊದಲಿಗರು.

1935ರ ಮೇ 21ರಂದು ಜೇನ್ ಆಡಮ್ಸ್ ಶಿಕಾಗೋದಲ್ಲಿ ನಿಧನರಾದರು. ಹಲ್ ಹೌಸಿನ ಅಂಗಳದಲ್ಲಿ ಅವರ ಅಂತ್ಯದರ್ಶನಕ್ಕೆ ಸಾವಿರಾರು ಜನ ಸೇರಿದರು. ಹುಟ್ಟೂರಾದ ಸೀಡರ್‌ವಿಲ್ಲಿನಲ್ಲಿ ಅವರ ಸಮಾಧಿಯಿದೆ. 1960ರ ದಶಕದಲ್ಲಿ ವಿಶ್ವವಿದ್ಯಾನಿಲಯವೊಂದರ ನಿರ್ಮಾಣಕ್ಕಾಗಿ ಹಲ್ ಹೌಸಿನ ಬಹುಪಾಲು ಕಟ್ಟಡಗಳನ್ನು ಕೆಡವಲಾಯಿತು. ಅವರು ಮೊದಲು ಹೊಕ್ಕ ಹಳೆಯ ಮನೆ ವಸ್ತುಸಂಗ್ರಹಾಲಯವಾಗಿ ಉಳಿದುಕೊಂಡಿದೆ.

ಮತವಿಲ್ಲದ ಕಾಲದಲ್ಲಿಯೂ ಪೌರಧರ್ಮವನ್ನು ನಡೆಸಿ ತೋರಿದ ಬಾಳು ಇದು. ಬೀದಿಯ ಕಸವನ್ನು ಕಂಡು ಮೂಗು ಮುಚ್ಚಿಕೊಂಡು ಹೋಗುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅದು ಏಕೆ ಅಲ್ಲಿ ಬಿದ್ದಿದೆ, ಅದನ್ನು ತೆಗೆಯಬೇಕಾದವರು ಯಾರು, ಅವರು ಏಕೆ ತೆಗೆಯಲಿಲ್ಲ ಎಂದು ಕೇಳುತ್ತ ಹೋಗುವವರು ಕೆಲವರೇ. ಆ ಪ್ರಶ್ನೆಗಳನ್ನು ಬಿಡದೆ ಹಿಂಬಾಲಿಸಿದುದರಿಂದಲೇ ಹಾಲ್‌ಸ್ಟೆಡ್ ಬೀದಿಯ ಒಬ್ಬ ನಿವಾಸಿ ಒಂದು ನಗರವನ್ನೂ ಒಂದು ರಾಜ್ಯವನ್ನೂ ಎಚ್ಚರಗೊಳಿಸಲು ಸಾಧ್ಯವಾಯಿತು.